ಅಪ್‌ಡೇಟ್: ಗೌರಿ ಮೆಲುಕು ಕಡಿಮೆ ಹಾಕ್ತಿದ್ದಿದ್ದಕ್ಕೆ ಕಾರಣ ಸಿಕ್ತು

ಪುಣೆ ಹತ್ತಿರ ಲೋಣಿ ಕಾಳಭೋರ್ ಕಡೆ ನಮ್ಮ ಕೊಟ್ಟಿಗೆ. ಹೋದ ಸಲ ಇಲ್ಲೇ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸು ಗೌರಿ ಬಗ್ಗೆ ಕೇಳಿದ್ದೆನಲ್ಲ: ಹೊಸದಾಗಿ ಕರು ಹಾಕಿದೆ, ಜ್ವರವಿಲ್ಲ, ಹಾಲೂ ಇಳಿದಿಲ್ಲ, ಆದ್ರೂ ಕೊರಳ ಬೆಲ್ಟಿನ ಸೆನ್ಸರ್ ಮಾತ್ರ 'ಮೆಲುಕು ಕಡಿಮೆ' ಅಂತ ಮೊಬೈಲಿಗೆ ಅಲರ್ಟ್ ಕಳಿಸ್ತಾನೇ ಇತ್ತು. ಸಾಮಾನ್ಯವಾಗಿ ದಿನಕ್ಕೆ ಏಳೆಂಟು ಗಂಟೆ ಇರಬೇಕಾದ್ದು ಐದರ ಕೆಳಗಿತ್ತು.

ನಿಮ್ಮಲ್ಲಿ ಕೆಲವರು ಬೆಲ್ಟಿನ ಸಿಗ್ನಲ್ ಹಿಡಿಯೋ ರಿಸೀವರನ್ನು ಎತ್ತರಕ್ಕೆ ಕಟ್ಟಿ ಅಂದಿದ್ರಿ, ಅದರಿಂದ ಏನೂ ಆಗಲಿಲ್ಲ. ಎರಡೂ ಹಸುಗಳ ಬೆಲ್ಟ್ ಬಿಗಿ ಮಾಡಿದ್ದಕ್ಕೆ ಪಕ್ಕದ ಹಸುವಿನ ಲೆಕ್ಕ ಸರಿಹೋಯ್ತು, ಗೌರಿಯದ್ದು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಗೆದ್ದಿದ್ದು ಕೀಟೋಸಿಸ್ (ಮೈಯಲ್ಲಿ ಕೀಟೋನ್ ಅನ್ನೋ ವಸ್ತು ಹೆಚ್ಚಾಗೋ ತೊಂದರೆ) ಇದೆಯಾ ನೋಡಿ ಅಂತ ಇಲ್ಲಿ ಉತ್ತರಿಸಿದ್ದ ಬೆಳಗಾವಿ ಅಣ್ಣನ ಮಾತು. ಡಾಕ್ಟರು ಬಾಲ ಎತ್ತಿ, ಯೋನಿಯ ಕೆಳಗೆ ಬೆರಳಿಂದ ಮೆಲ್ಲಗೆ ಸವರಿದ್ರು, ಗೌರಿ ಉಚ್ಚೆ ಹೊಯ್ದೇಬಿಟ್ಲು! ನಾವು ಬೆಳಗಿಂದ ಬಕೆಟ್ ಹಿಡ್ಕೊಂಡು ಕಾದಿದ್ದೇ ಬಂತು. ಉಚ್ಚೆಯಲ್ಲಿ ಅದ್ದಿದ ಪರೀಕ್ಷೆ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗ್ತು, ಅಂದ್ರೆ ಕೀಟೋಸಿಸ್ಸೇ. ಹಾಲಿಗೆ ಬೇಕಾದಷ್ಟು ಶಕ್ತಿ ಮೇವಿನಿಂದ ಸಿಗದೆ ಮೈಯ ಕೊಬ್ಬು ಕರಗಿ ಹೀಗಾಗುತ್ತಂತೆ. ಅವರು ಹೇಳಿದ ಅಳತೆಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ (ಹಸುವಿಗೆ ಶಕ್ತಿ ಕೊಡೋ ದ್ರವ) ಕುಡಿಸಿದ್ವಿ, ಮೊಬೈಲಲ್ಲಿ ಮೆಲುಕಿನ ಗ್ರಾಫ್ ನಿಧಾನಕ್ಕೆ ಮೇಲೆದ್ದಿದೆ. ಹಿಂಡಿ ಹೆಚ್ಚಿಸಿ ಅಂದವರ ಮಾತು ಕೇಳದ್ದೇ ಒಳ್ಳೇದಾಯ್ತು. ಒಮ್ಮೆಲೇ ಹೆಚ್ಚಿಸಿದ್ರೆ ಹೊಟ್ಟೆಯಲ್ಲಿ ಹುಳಿ ಏರುತ್ತೆ ಅಂದ್ರು ಡಾಕ್ಟರು.

ಇನ್ನೊಂದು ಲಾಭ: ಅದೇ ಸೆನ್ಸರ್ ತೋರಿಸೋ ಪಕ್ಕದ ಹಸುವಿನ ಓಡಾಟದ ಗೆರೆ ನಡುರಾತ್ರಿ ದಿಢೀರ್ ಏರಿತ್ತು. ನೋಡಿದ್ರೆ ಬೆದೆ! ಹಗಲಲ್ಲಿ ಅದು ಸಾಧುವಿನ ಹಾಗೆ ನಿಂತಿರುತ್ತೆ, ಬರೀ ಕಣ್ಣಿಗೆ ಗೊತ್ತೇ ಆಗ್ತಿರಲಿಲ್ಲ.