ಪದಚರ್ಚೆ: ಮೂರಕ್ಕೂ ‘ಅಡ್ಡಪರಿಣಾಮ’ವೇ?

ಎಲ್ಲರಿಗೂ ನಮಸ್ಕಾರ.

ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್ ಮಾತ್ರೆಯ ತಿಳಿವಳಿಕೆ ಪತ್ರವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ತೀರ್ಥಹಳ್ಳಿ, ಹೊಸನಗರ ಕಡೆಯವರು. ‘ಸೈಡ್ ಎಫೆಕ್ಟ್’, ‘ಅಡ್ವರ್ಸ್ ರಿಯಾಕ್ಷನ್’, ‘ಅಡ್ವರ್ಸ್ ಇವೆಂಟ್’ ಮೂರಕ್ಕೂ ‘ಅಡ್ಡಪರಿಣಾಮ’ ಅಂತಲೇ ಬರೆದುಬಿಡುವ ರೂಢಿ ಇದೆಯಷ್ಟೆ. ಮೊದಲೆರಡಕ್ಕೆ ನಡೆದೀತು, ಅವೆರಡರಲ್ಲೂ ತೊಂದರೆ ಔಷಧಿಯಿಂದಲೇ ಬಂದದ್ದು ಅನ್ನುವ ಅರ್ಥವಿದೆ. ಮೂರನೆಯದಕ್ಕೆ ಸಲ್ಲದು ಅನ್ನುವುದು ನನ್ನ ತಕರಾರು.

‘ಇವೆಂಟ್’ ಅಂದರೆ ಔಷಧಿ ಶುರುಮಾಡಿದ ಮೇಲೆ ಕಂಡ ಯಾವುದೇ ತೊಂದರೆ. ಅದಕ್ಕೆ ಔಷಧಿಯೇ ಕಾರಣ ಆಗಿರಬೇಕೆಂದಿಲ್ಲ. ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುವುದುಂಟು. ದೇಹದಲ್ಲಿ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನೇ ಈ ಮಾತ್ರೆ ತಡೆಯುತ್ತದೆ, ಒಡೆಯದೆ ಉಳಿದದ್ದು ಶ್ವಾಸನಾಳವನ್ನು ಕೆರಳಿಸುತ್ತದೆ. ಆದರೆ ಆಗುಂಬೆ ಸುತ್ತಮುತ್ತ ಆಷಾಢದ ಮಳೆ ಹಿಡಿದರೆ ಯಾವ ಮಾತ್ರೆಯನ್ನೂ ನುಂಗದವರು ಕೆಮ್ಮುವುದಿಲ್ಲವೇ? ನೆಗಡಿ, ಒಣಗದ ಬಟ್ಟೆ, ಬಚ್ಚಲೊಲೆಯ ಹೊಗೆ, ಏನು ಬೇಕಾದರೂ ಇರಬಹುದು. ವೈದ್ಯರು ಮಾತ್ರೆ ಬದಲಿಸಿ, ಕೆಲವು ವಾರಗಳಲ್ಲಿ ಕೆಮ್ಮು ನಿಂತರೆ ಗುಮಾನಿ ಗಟ್ಟಿಯಾಗುತ್ತದೆ. (ತಾವಾಗಿಯೇ ಮಾತ್ರೆ ಬಿಡಬಾರದು ಅನ್ನುವುದನ್ನು ಪತ್ರದಲ್ಲಿ ದಪ್ಪಕ್ಷರದಲ್ಲೇ ಹಾಕಿದ್ದೇನೆ, ನಮ್ಮವರ ಸ್ವಭಾವ ಗೊತ್ತಲ್ಲ.) ಅಲ್ಲಿಯವರೆಗೆ ಅದು ‘ಪರಿಣಾಮ’ ಅಲ್ಲ. ಹಾಗಂದ ಕೂಡಲೇ ತೀರ್ಪು ಕೊಟ್ಟಂತಾಯಿತು.

ಇದು ಬರಿಯ ಪದದ ಜಗಳವಲ್ಲ. 2010ರಲ್ಲಿ ಶುರುವಾದ ನಮ್ಮ ದೇಶದ ಔಷಧ ನಿಗಾ ಕಾರ್ಯಕ್ರಮವನ್ನು ಈಗ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ (ಔಷಧಿಗಳ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ) ನಡೆಸುತ್ತದೆ. ಅದರ 1800-180-3024 ಉಚಿತ ಸಂಖ್ಯೆಗೆ ರೋಗಿಗಳೂ ಇಂಥ ತೊಂದರೆಗಳನ್ನು ತಿಳಿಸಬಹುದು. ಸಾಬೀತು ಬೇಕಿಲ್ಲ, ಗುಮಾನಿ ಸಾಕು. ‘ಅಡ್ಡಪರಿಣಾಮ ಆದರೆ ತಿಳಿಸಿ’ ಅಂತ ಬರೆದರೆ ‘ಇದು ಮಾತ್ರೆಯದ್ದೋ ಮಳೆಯದ್ದೋ, ಸುಮ್ಮನೆ ಯಾಕೆ’ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

‘ಪ್ರತಿಕೂಲ ಘಟನೆ’ ಅಂತ ಕೆಲವು ಕಡೆ ಕಂಡಿದ್ದೇನೆ. ಬಸ್ ಮಗುಚಿದ ಸುದ್ದಿಯ ಹಾಗೆ ಕೇಳುತ್ತದೆ. ನಮ್ಮ ಕಡೆಯ ಮಾತಿನಲ್ಲಿ ‘ಆ ಗುಳಿಗೆ ನಂಗೆ ಆಗಿಬರ್ಲಿಲ್ಲ’, ‘ಹೀಟಾಯ್ತು’ ಎನ್ನುತ್ತಾರೆ, ಆದರೆ ಅವೂ ಗುಳಿಗೆಯನ್ನೇ ದೂರುತ್ತವೆ. ‘ನಂಜು’ ಬೇಡವೇ ಬೇಡ, ಗಾಯ ಕೀವಾಗುವುದಕ್ಕೂ ವಿಷಕ್ಕೂ ಅದೇ ಪದ. ಸದ್ಯಕ್ಕೆ ‘ಔಷಧಿ ಶುರುವಾದ ಮೇಲೆ ಕಂಡ ತೊಂದರೆ’ ಎಂದು ಉದ್ದಕ್ಕೆ ಬರೆದಿದ್ದೇನೆ.

ಜೊತೆಗೆ ಇನ್ನೊಂದು. ಔಷಧಿ ಪತ್ರಗಳಲ್ಲಿ ‘ಅನ್‌ಕಾಮನ್’ ಅಂದರೆ 1000 ಜನರಲ್ಲಿ 1ರಿಂದ 10 ಮಂದಿಗೆ, ‘ರೇರ್’ ಅಂದರೆ 10,000 ಜನರಲ್ಲಿ 1ರಿಂದ 10 ಮಂದಿಗೆ ಅಂತ ಲೆಕ್ಕ. ‘ವಿರಳ’, ‘ಅಪರೂಪ’ ಇವುಗಳಲ್ಲಿ ಯಾವುದು ಇನ್ನೂ ಕಡಿಮೆ ಜನಕ್ಕೆ ಅಂತ ಓದುಗನಿಗೆ ಹೊಳೆಯುವುದಿಲ್ಲ. ‘ಅಸಾಮಾನ್ಯ’ ಅಂದರೋ, ಕೆಮ್ಮಿಗೆ ಬಿರುದು ಕೊಟ್ಟ ಹಾಗೆ. ಇಲ್ಲಿ ಪದ ಕೈಬಿಟ್ಟು ಅಂಕಿಯನ್ನೇ ಹಾಕುತ್ತೇನೆ.

ಮೊದಲು ಹೇಳಿದ ‘ಅಡ್ವರ್ಸ್ ಇವೆಂಟ್’ಗೆ, ಕಾರಣ ಯಾವುದೆಂದು ಹೇಳದೆ ‘ಆಮೇಲೆ ಬಂದದ್ದು’ ಎಂದಷ್ಟೇ ಸೂಚಿಸುವ ಚಿಕ್ಕ ಪದ ಸೊರಬ, ಸಾಗರ, ಶೃಂಗೇರಿ ಕಡೆಯ ಆಡುಮಾತಿನಲ್ಲಿ ಇದ್ದರೆ ತಿಳಿಸಿ. ಹೊಸದಾಗಿ ಕಟ್ಟಿದ ಸಂಸ್ಕೃತ ಸಮಾಸಗಳು ಮಾತ್ರ ದಯವಿಟ್ಟು ಬೇಡ.