ಆಲಿಕಲ್ಲಿಗೆ ಹಾಳಾದ ಛಾವಣಿ: ಅಪ್ರೈಸಲ್ ಅಂದರೆ ಆರ್ಬಿಟ್ರೇಷನ್ನೇ?

ಪ್ಲೇನೋ ಕನ್ನಡಿಗ:
ನಮಸ್ಕಾರ. ಆಲಿಕಲ್ಲು ಮಳೆಗೆ ಟೆಕ್ಸಸ್ ರಾಜ್ಯದ ಪ್ಲೇನೋದಲ್ಲಿರುವ ನಮ್ಮ ಮನೆ ಛಾವಣಿಯ ಹೊದಿಕೆಯ ಶಿಂಗಲ್‌ಗಳು ಹೊಡೆತ ತಿಂದಿವೆ. ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರ್ (ನಷ್ಟ ಅಂದಾಜು ಮಾಡುವವರು) ಒಂದು ಬದಿ ಮಾತ್ರ ಹಾಳಾಗಿದೆ ಅಂತ ಬರೆದು, ಡಿಡಕ್ಟಿಬಲ್‌ಗಿಂತ (ನಷ್ಟದಲ್ಲಿ ಮೊದಲು ನಾವೇ ಭರಿಸಬೇಕಾದ ಪಾಲು) ಕಡಿಮೆ ಲೆಕ್ಕ ಕೊಟ್ಟರು. ರೂಫರ್ ನೋಡಿ ಪೂರ್ತಿ ಬದಲಾಯಿಸಲೇಬೇಕು ಅಂದರು. ಪಾಲಿಸಿಯಲ್ಲಿ ಅಪ್ರೈಸಲ್ (ನಷ್ಟದ ಮೊತ್ತ ನಿಗದಿ ಮಾಡೋದು) ಷರತ್ತು ಇದೆ: ಅವರ ಕಡೆಯಿಂದೊಬ್ಬ ಅಪ್ರೈಸರ್, ನಮ್ಮ ಕಡೆಯಿಂದೊಬ್ಬ ಅಪ್ರೈಸರ್, ಅವರಿಬ್ಬರು ಆರಿಸುವ ಅಂಪೈರ್. ಮೂವರಲ್ಲಿ ಇಬ್ಬರು ಸಹಿ ಹಾಕಿದ ಮೊತ್ತವೇ ಅಂತಿಮ. ಇದು ಆರ್ಬಿಟ್ರೇಷನ್ನೇ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪು) ಆದರೆ ಕೋರ್ಟಿನ ದಾರಿ ಮುಚ್ಚುತ್ತದಲ್ಲ ಅಂತ ಮನೆಯವಳಿಗೆ ಭಯ. ಅಮ್ಮ ಮಲಗೋ ರೂಮಿನಲ್ಲಿ ನೀರು ಸೋರುತ್ತಿದೆ.

ಆಸ್ಟಿನ್ ಅಕ್ಕ:
ಟೆಕ್ಸಸ್‌ನಲ್ಲಿ ಅಲ್ಲ ತಮ್ಮಾ. ನಾನು ಮನೆ ಕ್ಲೇಮುಗಳನ್ನು ನೋಡುವ ವಕೀಲರ ಆಫೀಸಿನಲ್ಲಿದ್ದೇನೆ, ಈ ಭಯ ಬಹಳ ಜನರಿಗಿದೆ. ಟೆಕ್ಸಸ್ ಕಾನೂನಿನಲ್ಲಿ ಅಪ್ರೈಸಲ್ ಆರ್ಬಿಟ್ರೇಷನ್ ಅಲ್ಲ ಅಂತ ಐದನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ಕೋರ್ಟ್ 1990ರಲ್ಲೇ ಹೇಳಿದೆ. ಆರ್ಬಿಟ್ರೇಟರ್ ಇಡೀ ತಕರಾರನ್ನು ತೀರ್ಮಾನಿಸುತ್ತಾರೆ. ಅಪ್ರೈಸರ್‌ಗಳು ಹೇಳುವುದು ನಷ್ಟ ಎಷ್ಟು ಅಂತ ಮಾತ್ರ. ಪಾಲಿಸಿ ಆ ನಷ್ಟಕ್ಕೆ ಅನ್ವಯಿಸುತ್ತದೋ ಇಲ್ಲವೋ ಅನ್ನೋದು ಕೋರ್ಟಿಗೇ ಬಿಟ್ಟದ್ದು.

ನಿಮ್ಮದರಂಥದೇ ಒಂದು ಕೇಸು 2009ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸ್ಟೇಟ್ ಫಾರ್ಮ್ ಲಾಯ್ಡ್ಸ್ ಅನ್ನೋ ಇನ್ಶೂರೆನ್ಸ್ ಕಂಪನಿಯ ಕಡೆಯವರು ಛಾವಣಿಯ ನೆತ್ತಿಯ ಏಣು ಮಾತ್ರ ಹಾಳಾಗಿದೆ ಅಂದಿದ್ದರು: 499.50 ಡಾಲರ್. ಡಿಡಕ್ಟಿಬಲ್ 1,477. ಮನೆಯೊಡತಿಯ ಕಂಟ್ರಾಕ್ಟರ್ ಹೇಳಿದ್ದು 13,000ಕ್ಕೂ ಮೇಲೆ. ಇದು ಮೊತ್ತದ ಜಗಳವಲ್ಲ, ಅಪ್ರೈಸಲ್ ಬೇಡ ಅಂತ ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ, ಅಪ್ರೈಸಲ್ ನಡೆಯಲಿ ಅಂದಿತು.

ಹಾಗಂತ ಹಗುರವಾಗಿ ತಗೋಬೇಡಿ. ಒಮ್ಮೆ ಮೊತ್ತ ನಿಗದಿಯಾದರೆ ಮೋಸ, ಅಧಿಕಾರ ಮೀರಿದ್ದು, ತಪ್ಪು, ಇಂಥ ಕಾರಣಗಳಿಲ್ಲದೆ ಅದನ್ನು ಅಳಿಸೋದು ಬಹಳ ಕಷ್ಟ. ನಿಮ್ಮ ಅಪ್ರೈಸರ್ ಫೀಸು ಸಾಮಾನ್ಯವಾಗಿ ನಿಮ್ಮದೇ, ಅಂಪೈರ್‌ದು ಅರ್ಧ. ಇವತ್ತೇ ಟಾರ್ಪಾಲ್ ಹಾಕಿಸಿ, ರಸೀದಿ ಇಟ್ಟುಕೊಳ್ಳಿ. ಅಮ್ಮನನ್ನು ಬೇರೆ ರೂಮಿಗೆ ಕಳಿಸಿ.

ಸ್ಯಾನ್ ಡಿಯಾಗೋ ಭಟ್ಟ:
ಕ್ಯಾಲಿಫೋರ್ನಿಯಾದಲ್ಲಿ ಬೇರೆ ಕಥೆ. ಇಲ್ಲಿನ ಸಿವಿಲ್ ಪ್ರೊಸೀಜರ್ ಕೋಡ್‌ನ 1280ನೇ ಸೆಕ್ಷನ್ ಅಪ್ರೈಸಲ್ ಒಪ್ಪಂದಗಳನ್ನೂ ಆರ್ಬಿಟ್ರೇಷನ್ ಲೆಕ್ಕಕ್ಕೇ ಸೇರಿಸುತ್ತದೆ. ಆದರೂ 2003ರ ಸೀಡರ್ ಕಾಡ್ಗಿಚ್ಚಿನ ಒಂದು ಕ್ಲೇಮಿನಲ್ಲಿ, ಹಾನಿಗೆ ಕಾರಣ ಬೆಂಕಿಯೋ ಅಲ್ಲವೋ ಅಂತ ಅಪ್ರೈಸರ್‌ಗಳು ತೀರ್ಮಾನಿಸಲು ಹೋದದ್ದಕ್ಕೆ ಕೋರ್ಟ್ ಅವರ ತೀರ್ಪನ್ನೇ ರದ್ದು ಮಾಡಿತು. ಬೇರೆ ರಾಜ್ಯದ ಸ್ನೇಹಿತರು ಹೇಳಿದ್ದನ್ನು ಹಾಗೇ ನಂಬಬೇಡಿ.

ಪ್ಲೇನೋ ಕನ್ನಡಿಗ:
ಧನ್ಯವಾದ ಅಕ್ಕ. ಇದು ಆಲಿಕಲ್ಲಲ್ಲ, ಹಳೇ ಸವೆತ ಅಂತ ಕಂಪನಿ ಅಂದರೆ?

ಆಸ್ಟಿನ್ ಅಕ್ಕ:
ಅನ್ನುತ್ತಾರೆ. ಆಲಿಕಲ್ಲಿನ ಹಾನಿಯನ್ನು ಮೊದಲಿದ್ದ ಸವೆತದಿಂದ ಬೇರ್ಪಡಿಸಿ ನೋಡೋದೂ ಅಪ್ರೈಸರ್‌ಗಳ ಕೆಲಸದಲ್ಲೇ ಬರುತ್ತದೆ ಅಂತ ಅದೇ 2009ರ ತೀರ್ಪಿನಲ್ಲಿದೆ. ಮಳೆಗೆ ಮುಂಚಿನ ಛಾವಣಿ ಫೋಟೋ, ಮನೆ ಕೊಂಡಾಗಿನ ಇನ್‌ಸ್ಪೆಕ್ಷನ್ ರಿಪೋರ್ಟ್ ಹುಡುಕಿಡಿ. ಅಪ್ರೈಸಲ್ ಬೇಕು ಅಂತ ಬರಹದಲ್ಲೇ ಕೇಳಿ, ಫೋನಿನಲ್ಲಿ ಬೇಡ.