ಕಿರೋವ್ ಕೊಲೆ: ಗುಪ್ತ ಪೊಲೀಸರ ಕಡತಗಳನ್ನು ಎಷ್ಟು ನಂಬಬಹುದು?

ಹಳೇಟ್ರಂಕು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ, ಬಲ್ಲವರು ಹೇಳಿ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಸೋವಿಯತ್ ಪುಸ್ತಕಗಳು ಒಂದು ಟ್ರಂಕ್ ತುಂಬ ಇವೆ. ಕೆಲವು ನವಕರ್ನಾಟಕದಲ್ಲಿ ಕೊಂಡಿದ್ದು, ಕೆಲವು ಯಾರೋ ಕೊಟ್ಟಿದ್ದು. ಅವುಗಳಲ್ಲಿ ಸೆರ್ಗೆಯ್ ಕಿರೋವ್ ಹೆಸರು ಬಂದಲ್ಲೆಲ್ಲ ಶತ್ರುಗಳು ಕೊಂದರು ಅಂತ ಒಂದೇ ಸಾಲು, ಮುಂದಕ್ಕೆ ಹೋಗಿಬಿಡುತ್ತಾರೆ. ಯಾವ ಶತ್ರು, ಯಾಕೆ, ಹೇಗೆ ಅಂತ ಒಂದಕ್ಷರ ಇಲ್ಲ. ಆಮೇಲೆ ನಾನೇ ಹುಡುಕಿ ಓದಲು ಶುರು ಮಾಡಿದೆ, ಓದಿದಷ್ಟೂ ಗೊಂದಲ ಜಾಸ್ತಿ ಆಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಿರೋವ್ ಲೆನಿನ್‌ಗ್ರಾದ್‌ನ ಪಕ್ಷದ ಮುಖ್ಯಸ್ಥ, ಸ್ಟಾಲಿನ್‌ಗೆ ತುಂಬ ಹತ್ತಿರದವರು. 1934ರ ಡಿಸೆಂಬರ್ 1ರ ಸಂಜೆ ನಾಲ್ಕೂವರೆ ಹೊತ್ತಿಗೆ ಪಕ್ಷದ ಕಚೇರಿ ಸ್ಮೋಲ್ನಿಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಲಿಯೊನಿದ್ ನಿಕೊಲಾಯೆವ್ ಎಂಬ ಕೆಲಸ ಕಳೆದುಕೊಂಡಿದ್ದ ಪಕ್ಷದ ಸದಸ್ಯ ಹಿಂದಿನಿಂದ ತಲೆಗೆ ಗುಂಡು ಹೊಡೆದ. ಮರುದಿನ ಕಿರೋವ್ ಅವರ ಅಂಗರಕ್ಷಕ ಬೊರೀಸೊವ್‌ನನ್ನು ವಿಚಾರಣೆಗೆ ಕರೆದೊಯ್ಯುವಾಗ ಲಾರಿ ಅಪಘಾತ ಆಗಿ ಅವನೊಬ್ಬನೇ ಸತ್ತ. ಲಾರಿಯಲ್ಲಿದ್ದ ಬೇರೆ ಯಾರಿಗೂ ಏನೂ ಆಗಲಿಲ್ಲ!

ಇಷ್ಟು ಓದಿದ ಮೇಲೆ ಸ್ಟಾಲಿನ್ನೇ ಮಾಡಿಸಿದ್ದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಸೋವಿಯತ್ ಒಕ್ಕೂಟ ಒಡೆಯುವ ಹೊತ್ತಿಗೆ ಎನ್‌ಕೆವಿಡಿ, ಅಂದರೆ ಆಗಿನ ಗುಪ್ತ ಪೊಲೀಸರ ಕಡತಗಳನ್ನು ತೆಗೆದು ನೋಡಿದವರು ಸ್ಟಾಲಿನ್ ಕೈವಾಡಕ್ಕೆ ಪುರಾವೆ ಸಿಗಲಿಲ್ಲ ಅಂದರಂತೆ. ನನ್ನ ಪ್ರಶ್ನೆ ಇಷ್ಟೇ. ಯಾರ ಮೇಲೆ ಅನುಮಾನವೋ ಅವರೇ ಬರೆದಿಟ್ಟ ಕಡತದಲ್ಲಿ ಪುರಾವೆ ಇಲ್ಲ ಅಂದರೆ ಅದಕ್ಕೆ ಏನು ಬೆಲೆ?

ಚರಿತ್ರೆಹುಚ್ಚು

ನಾನು ಈ ವಿಷಯವನ್ನು ತುಂಬ ವರ್ಷದಿಂದ ಓದಿಕೊಂಡು ಬಂದಿದ್ದೇನೆ. ಮೊದಲು ನಾನೂ ಸ್ಟಾಲಿನ್ನೇ ಅಂತ ನಂಬಿದ್ದೆ, ಈಗ ನಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆ ದಿನ ಕಿರೋವ್ ಸ್ಮೋಲ್ನಿಗೆ ಬರುವ ಕಾರ್ಯಕ್ರಮವೇ ಇರಲಿಲ್ಲ. ಸಂಜೆ ಆರಕ್ಕೆ ತಾವ್ರಿಚೆಸ್ಕಿ ಅರಮನೆಯಲ್ಲಿ ಪಕ್ಷದ ಸಭೆ, ಅಲ್ಲಿ ಅವರ ಭಾಷಣ. ಬೆಳಗಿನಿಂದ ಮನೆಯಲ್ಲೇ ಕೂತು ಭಾಷಣ ತಯಾರು ಮಾಡುತ್ತಿದ್ದರು, ನಾಲ್ಕು ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಕಚೇರಿಗೆ ಹೊರಟರು. ನಿಕೊಲಾಯೆವ್ ಸ್ಮೋಲ್ನಿಗೆ ಬಂದಿದ್ದು ಸಂಜೆಯ ಸಭೆಗೆ ಪಾಸು ಕೇಳಲು. ಅವರಿವರನ್ನು ಕಾಡಿಬೇಡಿ ಕಾರಿಡಾರಿನಲ್ಲಿ ಅಲೆಯುತ್ತಿದ್ದ, ಕಕ್ಕಸಿಗೆ ಹೋಗಿ ಹೊರಬಂದಾಗ ಎದುರಿಗೆ ಕಿರೋವ್ ನಡೆದು ಬರುತ್ತಿದ್ದರು. ಯಾರೋ ಮಾಸ್ಕೋದಲ್ಲಿ ಕೂತು ಹೂಡಿದ ಸಂಚಾದರೆ ಇಂಥ ಆಕಸ್ಮಿಕದ ಮೇಲೆ ನಿಲ್ಲುತ್ತದೆಯೇ?

ಇನ್ನು ಆ ಮನುಷ್ಯನ ಸ್ಥಿತಿ. ಕೆಲಸ ಹೋಗಿತ್ತು, ಪಕ್ಷದಿಂದ ಒಮ್ಮೆ ಹೊರಹಾಕಿ ಮತ್ತೆ ಸೇರಿಸಿಕೊಂಡು ಛೀಮಾರಿ ಹಾಕಿದ್ದರು, ಮನೆಯಲ್ಲಿ ಹೆಂಡತಿಯ ಸಂಬಳವೇ ಗತಿ. ಅವನು ದಿನಚರಿ ಬರೆಯುತ್ತಿದ್ದ, ಕಂಡಕಂಡ ನಾಯಕರಿಗೆ ಅರ್ಜಿ ಹಾಕುತ್ತಿದ್ದ. ಯಾರೂ ಉತ್ತರ ಕೊಡಲಿಲ್ಲ. ಆ ಕಹಿ ಬೆಳೆಯುತ್ತಾ ಹೋಗಿ, ತನ್ನ ಹೆಸರು ಚರಿತ್ರೆಯಲ್ಲಿ ಉಳಿಯುವಂಥದ್ದೇನಾದರೂ ಮಾಡಬೇಕು ಅನ್ನುವವರೆಗೆ ಬಂತು.

ಅಕ್ಟೋಬರ್ 15ರಂದು ಅವನನ್ನು ಒಮ್ಮೆ ಹಿಡಿದು ಬಿಟ್ಟಿದ್ದರು ಅನ್ನುವುದು ನಿಜ. ಅದನ್ನೇ ಸಂಚಿನ ಗುರುತು ಅನ್ನುತ್ತಾರೆ. ಆದರೆ ಅವನ ಹತ್ತಿರ ಪಕ್ಷದ ಕಾರ್ಡ್ ಇತ್ತು, ಹಿಂದೆ ಪಕ್ಷದ ಕಚೇರಿಯಲ್ಲೇ ಕೆಲಸ ಮಾಡಿದ್ದ, ಕೆಲಸ ಕೇಳಲು ಬಂದೆ ಅಂದ, ಬಿಟ್ಟರು. ಪಕ್ಷದ ಕಾರ್ಡ್ ನೋಡಿದ ಮೇಲೆ ಆ ಕಾಲದಲ್ಲಿ ಯಾರೂ ಜಾಸ್ತಿ ಕೇಳುತ್ತಿರಲಿಲ್ಲ.

ಇನ್ನೊಂದು. ದೇಶ ಬಿಟ್ಟು ಓಡಿಹೋದವರು ಬರೆದ ಕತೆಗಳಲ್ಲಿ ಲೆನಿನ್‌ಗ್ರಾದ್ ಎನ್‌ಕೆವಿಡಿಯ ಎರಡನೇ ಅಧಿಕಾರಿ ಝಪೊರೋಝೆತ್ಸ್ ನಿಂತು ಎಲ್ಲ ಮಾಡಿಸಿದ ಅಂತ ಬರುತ್ತದೆ. ಕಡತ ನೋಡಿದರೆ ಕೊಲೆಯ ದಿನ ಅವನು ಊರಲ್ಲೇ ಇಲ್ಲ. ಇಂಥ ಕತೆಗಳೇ ನಲವತ್ತು ವರ್ಷ ಕೈಯಿಂದ ಕೈಗೆ ಹೋಗಿ ಸತ್ಯದ ಹಾಗೆ ಆಗಿಬಿಟ್ಟವು.

ಕೋರ್ಟ್_ಗುಮಾಸ್ತ

ನಾನು ಇತಿಹಾಸ ಓದಿದವನಲ್ಲ. ಮೂವತ್ತೊಂದು ವರ್ಷ ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಡತ ನಂಬಬಹುದಾ ಅಂತ ಕೇಳಿದ್ದೀರಿ, ಆ ಪ್ರಶ್ನೆಗೆ ಮಾತ್ರ ನನಗೆ ತಿಳಿದಷ್ಟು ಹೇಳುತ್ತೇನೆ.

ಕಡತವನ್ನು ಇಡಿಯಾಗಿ ನಂಬಬಾರದು, ಇಡಿಯಾಗಿ ಎಸೆಯಲೂಬಾರದು. ಯಾವ ಕಾಗದ ಯಾವ ದಿನ ಹುಟ್ಟಿತು, ಆ ದಿನ ಬರೆದವನಿಗೆ ಏನು ಬೇಕಾಗಿತ್ತು ಅಂತ ನೋಡಬೇಕು. ಕೊಲೆ ಕೇಸಿನಲ್ಲಿ ಮೊದಲ ದಿನದ ಮಹಜರು, ಮೊದಲ ಹೇಳಿಕೆ, ಇವುಗಳಿಗೆ ಇರುವ ಬೆಲೆ ವಾರ ಕಳೆದ ಮೇಲೆ ಬಂದ ಹೇಳಿಕೆಗೆ ಇಲ್ಲ. ಮೊದಲ ದಿನ ಎಲ್ಲರೂ ಗಾಬರಿಯಲ್ಲಿರುತ್ತಾರೆ, ಯಾವ ಕತೆ ಕಟ್ಟಬೇಕು ಅಂತ ಇನ್ನೂ ತೀರ್ಮಾನ ಆಗಿರುವುದಿಲ್ಲ.

ಈ ಕೇಸಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಮೊದಲ ರಾತ್ರಿ ನಿಕೊಲಾಯೆವ್ ಹೇಳಿದ್ದು ನಾನೊಬ್ಬನೇ ಮಾಡಿದೆ ಅಂತ. ಮರುದಿನ ಬೆಳಗ್ಗೆ ಸ್ಟಾಲಿನ್ ರೈಲಿನಲ್ಲಿ ಬಂದಿಳಿದರು, ಜೊತೆಗೆ ಪಕ್ಷದ ದೊಡ್ಡ ನಾಯಕರಾದ ಮೊಲೊತೊವ್, ವೊರೊಶೀಲೊವ್, ಯೆಝೋವ್, ಎನ್‌ಕೆವಿಡಿಯ ಮುಖ್ಯಸ್ಥ ಯಗೋದಾ. ಕೆಲವೇ ದಿನಗಳಲ್ಲಿ ಅವನ ಹೇಳಿಕೆಯಲ್ಲಿ ಸ್ಟಾಲಿನ್‌ರ ಹಳೆಯ ಎದುರಾಳಿ ಝಿನೋವಿಯೆವ್ ಕಡೆ ಹಿಂದೆ ಇದ್ದ ಯುವ ಕಾರ್ಯಕರ್ತರ ಹೆಸರು ಬರಲು ಶುರುವಾಯಿತು, ತಿಂಗಳ ಕೊನೆಗೆ ಅದು ಒಂದು ದೊಡ್ಡ ಗುಂಪು ಆಯಿತು. ಡಿಸೆಂಬರ್ 29ಕ್ಕೆ ಅವನನ್ನೂ ಇನ್ನು 13 ಜನರನ್ನೂ ಗುಂಡಿಟ್ಟು ಕೊಂದರು. ಅವರಲ್ಲಿ ಕೊತೊಲೀನೊವ್ ಎಂಬ ಹುಡುಗ ಕೊಲೆಯಲ್ಲಿ ನನ್ನ ಪಾಲಿಲ್ಲ ಅಂತ ಕೊನೆಯವರೆಗೂ ಹೇಳಿದ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಯಾಕೆ ಆ ನಿಯಮ ಇದೆ ಅಂತ ಈ ಕೇಸು ಓದಿದರೆ ಗೊತ್ತಾಗುತ್ತದೆ.

ಈಗ ನನ್ನನ್ನು ನಿದ್ದೆಗೆಡಿಸಿದ ಒಂದು ಕಾಗದ. ಕೊಲೆಗಾರನ ಹೆಂಡತಿ ಮಿಲ್ಡಾ ದ್ರಾವುಲೆಯ ಮೊದಲ ಹೇಳಿಕೆ. ಅದರ ಮೇಲೆ ವಿಚಾರಣೆ ಶುರುವಾದ ಹೊತ್ತು ಅಂತ ಬರೆದಿರುವುದು 16.45. ಗುಂಡು ಹಾರಿದ್ದು ನಾಲ್ಕೂವರೆಗೆ. ಹದಿನೈದೇ ನಿಮಿಷ! ಕಾರಿಡಾರಿನಲ್ಲಿ ಹೆಣ ಇನ್ನೂ ಬಿಸಿ ಇದೆ, ಕೊಲೆಗಾರ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಡಾಕ್ಟರನ್ನು ಕರೆಸುವ ಓಡಾಟ. ಅಷ್ಟರಲ್ಲಿ ಅವನು ಯಾರು, ಅವನ ಹೆಂಡತಿ ಯಾರು, ಎಲ್ಲಿದ್ದಾಳೆ ಅಂತ ತಿಳಿದು, ಕರೆತಂದು, ಎದುರಿಗೆ ಕೂರಿಸಿಕೊಂಡು ಬರೆಯಲು ಹೇಗೆ ಸಾಧ್ಯ? ಒಂದೋ ಬರೆದವನು ಹೊತ್ತನ್ನು ತಪ್ಪಾಗಿ ಹಾಕಿದ. ಇಲ್ಲಾ ಆಕೆ ಆ ಹೊತ್ತಿನಲ್ಲಿ ಸ್ಮೋಲ್ನಿಯ ಹತ್ತಿರವೇ ಎಲ್ಲೋ ಇದ್ದಳು. ನನ್ನ ಕೆಲಸದಲ್ಲಿ ಹೊತ್ತು ತಪ್ಪು ಬಿದ್ದ ಹೇಳಿಕೆಗಳನ್ನು ನೂರಾರು ನೋಡಿದ್ದೇನೆ, ಬರೆಯುವವನ ಕೈ ನಡುಗುತ್ತಿದ್ದರೆ ಅದು ಆಗುತ್ತದೆ. ಹಾಗಂತ ಇದನ್ನು ಸುಮ್ನೆ ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ನೀಲಿಶಾಯಿ

ಗುಮಾಸ್ತ ಸರ್, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಚರಿತ್ರೆಹುಚ್ಚು ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಗುಂಡು ಹೊಡೆದ ಕೈ ಒಬ್ಬಂಟಿಯದು ಇರಬಹುದು. ಆದರೆ ಅಲ್ಲಿಗೆ ನಿಲ್ಲಿಸಿದರೆ ಆಮೇಲೆ ನಡೆದದ್ದೆಲ್ಲ ಬಿಟ್ಟುಹೋಗುತ್ತದೆ.

ಕೊಲೆ ಆದ ಅದೇ ಸಂಜೆ ಒಂದು ಕಾನೂನು ಹೊರಟಿತು. ಭಯೋತ್ಪಾದನೆಯ ಕೇಸುಗಳ ತನಿಖೆ ಹತ್ತು ದಿನದಲ್ಲಿ ಮುಗಿಯಬೇಕು, ಮೇಲ್ಮನವಿ ಇಲ್ಲ, ಮರಣದಂಡನೆ ಆದರೆ ಕೂಡಲೇ ಜಾರಿ. ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದ ಒಪ್ಪಿಗೆಯನ್ನು ಎರಡು ದಿನ ಆದ ಮೇಲೆ ತೆಗೆದುಕೊಂಡರು ಅಂತ, ಸ್ಟಾಲಿನ್ ಸತ್ತ ಮೇಲೆ ಪಕ್ಷದ ನಾಯಕರಾದ ಕ್ರುಶ್ಚೇವ್ ಅವರೇ 1956ರಲ್ಲಿ ಹೇಳಿದರು. ಆಪ್ತ ಗೆಳೆಯ ಸತ್ತ ಸುದ್ದಿ ಬಂದ ಕೆಲವೇ ಗಂಟೆಗಳಲ್ಲಿ ಇಂಥ ಕಾನೂನು ಯಾರ ತಲೆಗೆ ಬರುತ್ತದೆ? ಅದರ ಹಿಂದೆಯೇ 1935ರ ಮೊದಲ ತಿಂಗಳುಗಳಲ್ಲಿ ಲೆನಿನ್‌ಗ್ರಾದ್‌ನಿಂದ 11 ಸಾವಿರಕ್ಕೂ ಹೆಚ್ಚು ಜನರನ್ನು, ಹಳೆಯ ಕಾಲದ ಅಧಿಕಾರಿಗಳು, ಸಿರಿವಂತರ ಮನೆಯವರು ಅಂತ ಹಣೆಪಟ್ಟಿ ಹಚ್ಚಿ, ಊರು ಬಿಡಿಸಿದರು. ಝಿನೋವಿಯೆವ್, ಅವರ ಜೊತೆಗಾರ ಕಾಮೆನೆವ್ ಇಬ್ಬರನ್ನೂ ಮೊದಲು ಜೈಲಿಗೆ ಹಾಕಿ 1936ರ ಆಗಸ್ಟ್‌ನಲ್ಲಿ ಕೊಂದರು. 1934ರ ಪಕ್ಷದ ಮಹಾಧಿವೇಶನಕ್ಕೆ ಬಂದಿದ್ದ 1,966 ಪ್ರತಿನಿಧಿಗಳಲ್ಲಿ 1,108 ಜನ ಮುಂದೆ ಬಂಧನಕ್ಕೆ ಒಳಗಾದರು.

ಬೊರೀಸೊವ್ ವಿಷಯ ಮತ್ತೆ ನೋಡಿ. ಗುಂಡು ಬಿದ್ದಾಗ ಅವನು ಕಿರೋವ್ ಜೊತೆಯಲ್ಲಿ ಇರಬೇಕಿತ್ತು, ಹಿಂದೆ ಉಳಿದುಬಿಟ್ಟಿದ್ದ. ಯಾಕೆ ಹಿಂದುಳಿದೆ ಅಂತ ಕೇಳಲು ಸ್ಟಾಲಿನ್ ಕರೆಸಿದರು. ಕಾರಲ್ಲ, ಲಾರಿ ಕಳಿಸಿದರು. ದಾರಿಯಲ್ಲಿ ಲಾರಿ ಗೋಡೆಗೆ ಸವರಿತು, ಇವನ ತಲೆ ಒಡೆಯಿತು. ಮುಂದೆ ಕ್ರುಶ್ಚೇವ್ 1961ರ ಅಧಿವೇಶನದಲ್ಲಿ ಹೇಳಿದ ಪ್ರಕಾರ, ಬದುಕಿ ಉಳಿದಿದ್ದ ಡ್ರೈವರ್ ಪಕ್ಕದಲ್ಲಿ ಕೂತವನು ಸ್ಟೀರಿಂಗ್‌ಗೆ ಕೈ ಹಾಕಿ ಗಾಡಿಯನ್ನು ಗೋಡೆಯತ್ತ ತಿರುಗಿಸಿದ ಅಂದ. ಆ ಲಾರಿಯಲ್ಲಿದ್ದ ಎನ್‌ಕೆವಿಡಿಯವರನ್ನು ಅಷ್ಟರಲ್ಲಾಗಲೇ ಗುಂಡಿಟ್ಟು ಮುಗಿಸಿದ್ದರು, ಕೇಳೋಣ ಅಂದರೆ ಯಾರೂ ಇಲ್ಲ.

ಅವರಷ್ಟೇ ಅಲ್ಲ. ಲೆನಿನ್‌ಗ್ರಾದ್ ಎನ್‌ಕೆವಿಡಿ ಮುಖ್ಯಸ್ಥ ಮೆದ್ವೆದ್‌ಗೆ ಮೊದಲು ಮೂರೇ ವರ್ಷ ಶಿಕ್ಷೆ, 1937ರಲ್ಲಿ ಕೊಂದರು. ಝಪೊರೋಝೆತ್ಸ್ ಕೂಡ 1937. ತನಿಖೆ ನಡೆಸಿದ ಅಗ್ರಾನೊವ್ 1938. ಯಗೋದಾ 1938. ಯೆಝೋವ್ 1940. ಕಡತ ಬರೆದ ಒಬ್ಬೊಬ್ಬರನ್ನೂ ಕಡತ ಬರೆಸಿದವರೇ ಕೊಂದರು. ಮುಂದೆ ಓಲ್ಗಾ ಶತುನೋವ್ಸ್ಕಯಾ ಎಂಬ ಹಿರಿಯ ಕಮ್ಯುನಿಸ್ಟ್ ಹೆಂಗಸು, ತಾನೇ ಕೊಲಿಮಾದ ಕೈದಿಗಳ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದು ಬಂದವರು, 1960ರ ತನಿಖಾ ಸಮಿತಿಯಲ್ಲಿ ಕೂತು ಕಾಗದ ಕಲೆಹಾಕಿದರು. 64 ಸಂಪುಟ ಆಗಿತ್ತು ಅನ್ನುತ್ತಿದ್ದರು. ಕಡೆಗಾಲದಲ್ಲಿ, ನಾವು ಸೇರಿಸಿಟ್ಟಿದ್ದ ಮುಖ್ಯವಾದ ಕಾಗದಗಳು ಈಗ ಕಡತದಲ್ಲಿಲ್ಲ ಅಂತ ಅವರು ದೂರಿದರು. ಆ ಮುದುಕಿಯ ಮಾತನ್ನು ಪಕ್ಕಕ್ಕೆ ಸರಿಸಲು ನನ್ನಿಂದ ಆಗುವುದಿಲ್ಲ.

ಚರಿತ್ರೆಹುಚ್ಚು

ನೀಲಿಶಾಯಿ ಮೇಡಂ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ, ಸಾವಿನ ಲಾಭ ಯಾರು ಪಡೆದರು ಅನ್ನುವುದರಲ್ಲಿ ನನಗೆ ಒಂದು ಚೂರೂ ಅನುಮಾನ ಇಲ್ಲ. ಆದರೆ ಲಾಭ ಪಡೆದವನೇ ಕೊಂದ ಅಂತ ಹೇಳಲು ಹೊರಟರೆ ನಾವೂ 1934ರ ಡಿಸೆಂಬರ್‌ನಲ್ಲಿ ಅವರು ಮಾಡಿದ್ದನ್ನೇ ಮಾಡಿದ ಹಾಗೆ ಆಗುತ್ತದೆ. ಮೊದಲು ಅಪರಾಧಿ ಯಾರು ಅಂತ ತೀರ್ಮಾನ ಮಾಡಿ ಆಮೇಲೆ ಹೇಳಿಕೆ ಹುಡುಕಿದರು ಅವರು. ಡ್ರೈವರ್ ಹೇಳಿದ್ದು ಇಪ್ಪತ್ತು ವರ್ಷ ದಾಟಿದ ಮೇಲೆ, ಸ್ಟಾಲಿನ್ ಮೇಲಿನ ಆರೋಪ ಬೇಕಾಗಿದ್ದ ಕಾಲದಲ್ಲಿ. ಕೊಲೆಯಾದ ದಿನಗಳಲ್ಲಿ ಅವನು ಲಾರಿಯ ಸ್ಪ್ರಿಂಗ್ ಮುರಿದಿತ್ತು ಅಂದಿದ್ದ. ಗುಮಾಸ್ತ ಸರ್ ಹೇಳಿದ ಅಳತೆಗೋಲನ್ನು ಎರಡೂ ಕಡೆಗೆ ಇಡಬೇಕಲ್ವಾ?

ಕೋರ್ಟ್_ಗುಮಾಸ್ತ

ಖಂಡಿತ ಇಡಬೇಕು. ಆದರೆ ಒಂದು ಸೇರಿಸಿ. 1934ರಲ್ಲಿ ಸ್ಪ್ರಿಂಗ್ ಮುರಿದಿತ್ತು ಅಂದಾಗ ಆ ಡ್ರೈವರ್ ಎನ್‌ಕೆವಿಡಿಯ ಕೈಯಲ್ಲಿದ್ದ. 1956ರ ನಂತರ ಮಾತು ಬದಲಿಸಿದಾಗ ಅವನ ಹೆಗಲ ಮೇಲೆ ಬೇರೆ ಕೈ ಇತ್ತು. ಎರಡು ಸಲವೂ ಅವನು ಕೇಳುವವರ ಮುಖ ನೋಡಿಕೊಂಡು ಹೇಳಿದ. ಇಂಥ ಸಾಕ್ಷಿಗಳನ್ನು ನಾನು ಕಟಕಟೆಯಲ್ಲಿ ನೋಡಿದ್ದೇನೆ, ಬಡವರು, ಅವರ ಮೇಲೆ ಸಿಟ್ಟು ಬರುವುದಿಲ್ಲ. ಅಂಥ ಸಾಕ್ಷಿಯ ಎರಡೂ ಹೇಳಿಕೆಯನ್ನು ಬದಿಗಿಟ್ಟು ಉಳಿದದ್ದರ ಮೇಲೆ ತೀರ್ಪು ಬರೆಯಬೇಕು. ಇಲ್ಲಿ ಉಳಿಯುವುದು ಮೊದಲ ರಾತ್ರಿಯ ಹೇಳಿಕೆ, ಅವನ ದಿನಚರಿ, ಆ ಸಂಜೆಯ ಕಾನೂನು. ಗುಂಡು ಹೊಡೆದದ್ದಕ್ಕೆ ನಿಕೊಲಾಯೆವ್ ಒಬ್ಬನೇ ಹೊಣೆ, ಆ 13 ಜನರ ಸಾವಿಗೆ ಸ್ಟಾಲಿನ್ ಹೊಣೆ. ನನ್ನ ಕೈಲಿ ಕೇಸು ಕೊಟ್ಟರೆ ಇಷ್ಟು ಬರೆಯುತ್ತೇನೆ. ಬೊರೀಸೊವ್ ಸಾವನ್ನು ಮಾತ್ರ ಮುಚ್ಚದೆ ಬಿಡುತ್ತೇನೆ. ಆ 13 ಜನ ನಿರಪರಾಧಿಗಳು ಅಂತ ಸೋವಿಯತ್ ಸುಪ್ರೀಂ ಕೋರ್ಟ್ ಕೂಡ 1990ರಲ್ಲಿ ಒಪ್ಪಿಕೊಂಡಿತು, ಐವತ್ತಾರು ವರ್ಷ ಆದ ಮೇಲೆ.

ಹಳೇಟ್ರಂಕು

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಆ 16.45 ನನ್ನ ತಲೆಯಿಂದಲೂ ಹೋಗುತ್ತಿಲ್ಲ ಗುಮಾಸ್ತ ಸರ್. ಮಿಲ್ಡಾಗೆ ಆಮೇಲೆ ಏನಾಯಿತು? ಕಿರೋವ್ ಜೊತೆ ಸಂಬಂಧ ಇತ್ತು ಅನ್ನುವ ಗುಸುಗುಸು ಬಿಟ್ಟರೆ ಆಕೆಯ ಬಗ್ಗೆ ಏನೂ ಸಿಗುತ್ತಿಲ್ಲ.

ನೀಲಿಶಾಯಿ

ಆ ಗುಸುಗುಸನ್ನು ಆಕೆ ವಿಚಾರಣೆಯಲ್ಲಿ ಒಪ್ಪಲಿಲ್ಲ. 1935ರ ಮಾರ್ಚ್‌ನಲ್ಲಿ ಆಕೆಯನ್ನೂ ಕೊಂದರು, ಜೊತೆಗೆ ತಂಗಿ ಓಲ್ಗಾಳನ್ನು, ತಂಗಿಯ ಗಂಡನನ್ನು. ಅವರು ಯಾರಿಗೆ ಏನು ಮಾಡಿದ್ದರು ಅಂತ ಯಾವ ಕಡತವೂ ಹೇಳುವುದಿಲ್ಲ.

ಮಿಲ್ಡಾಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಆಗ ಏಳು ವರ್ಷ, ಅನಾಥಾಲಯಕ್ಕೆ ಕಳಿಸಿದರು. ಅಪ್ಪ ಅಮ್ಮ ಆಸೆಪಟ್ಟು ಆ ಹುಡುಗನಿಗೆ ಇಟ್ಟ ಹೆಸರು ಮಾರ್ಕ್ಸ್.